ಆಳಕ್ಕೆ ಹೋಗಿ ಬಂದ ಕಲ್ಲಿಗೆ ವಯಸ್ಸು ಹೇಳುವ ಹರಳುಗಳು: ಪದೇ ಪದೇ ಕೇಳುವ ಪ್ರಶ್ನೆಗಳು

ಲಡಾಖಿಗೆ ಬೈಕಿನಲ್ಲಿ ಹೋಗಿ ಬಂದ ಹುಡುಗರು ತ್ಸೊ ಮೊರಿರಿ ಸರೋವರದ ಫೋಟೊ ತೋರಿಸುತ್ತಾರೆ. ನೀಲಿ ನೀರು, ಬೋಳು ಬೆಟ್ಟ. ನನ್ನ ಕಣ್ಣು ಮಾತ್ರ ಬೆಟ್ಟದ ಮೇಲೇ ನಿಲ್ಲುತ್ತದೆ. ಆ ಭಾಗದ ತಿಳಿ ಬಣ್ಣದ ನೈಸ್ ಕಲ್ಲಿನ (ಬಿಸಿ, ಒತ್ತಡಕ್ಕೆ ಸಿಕ್ಕಿ ಬದಲಾದ ಪಟ್ಟೆ ಪಟ್ಟೆಯ ಕಲ್ಲು) ನಡುವೆ ಅಲ್ಲಲ್ಲಿ ಕಪ್ಪು ಗಂಟುಗಳಿವೆ. ಕೆಲವು ಒಂದೆರಡು ಮೀಟರ್ ಅಗಲ, ಕೆಲವು ಅದಕ್ಕಿಂತ ದೊಡ್ಡವು. ಗಂಟಿನ ಹೊರಗಡೆ ಕಪ್ಪು, ಒಡೆದರೆ ಒಳಗೆ ಹಸಿರು, ಹಸಿರಿನ ತುಂಬ ಕೆಂಪು ಚುಕ್ಕಿ. ಈ ಕಲ್ಲು ಒಂದು ಕಾಲದಲ್ಲಿ ನೆಲದಿಂದ 90 ಕಿ.ಮೀ.ಗೂ ಜಾಸ್ತಿ ಆಳದಲ್ಲಿತ್ತು. ಈಗ ಸಮುದ್ರಮಟ್ಟಕ್ಕಿಂತ ನಾಲ್ಕೂವರೆ ಸಾವಿರ ಮೀಟರ್ ಮೇಲಿದೆ.

ಇದನ್ನು ಹೇಳಿದ ಕೂಡಲೇ ಬರುವ ಪ್ರಶ್ನೆಗಳು ಬಹಳ ಸಲ ಅವೇ. ಅವನ್ನೆಲ್ಲ ಒಂದು ಕಡೆ ಕೂಡಿಸಿ ಉತ್ತರ ಬರೆದಿದ್ದೇನೆ.

ಸಬ್‌ಡಕ್ಷನ್ ವಲಯ ಅಂದರೆ ಏನು?

ಭೂಮಿಯ ಹೊರಪದರ ಒಂದೇ ತುಂಡಲ್ಲ, ಹಲವು ಫಲಕಗಳು. ಸಮುದ್ರದ ತಳದ ಫಲಕ ಹಳೆಯದಾದ ಹಾಗೆ ತಣ್ಣಗಾಗುತ್ತದೆ, ಭಾರವಾಗುತ್ತದೆ. ಪಕ್ಕದ ಫಲಕ ಎದುರಾದಾಗ ಅದರ ಅಡಿಗೆ ತೂರಿಕೊಂಡು ಕೆಳಗಿಳಿಯುತ್ತದೆ. ಹಾಗೆ ಇಳಿಯುವ ಜಾಗವೇ ಸಬ್‌ಡಕ್ಷನ್ ವಲಯ. ಇವತ್ತು ಜಪಾನ್, ಚಿಲಿ, ಸುಮಾತ್ರಾ, ನಮ್ಮ ಅಂಡಮಾನ್ ಕಡೆ ಇದೇ ನಡೆಯುತ್ತಿದೆ.

ಹಳೆಯ ವಲಯಗಳ ಕಥೆ ಬೇರೆ. ಅಲ್ಲಿದ್ದ ಸಮುದ್ರವೇ ಮುಗಿದುಹೋಗಿದೆ. ಭಾರತ ಮತ್ತು ಏಷ್ಯಾ ನಡುವೆ ಟೆಥಿಸ್ ಅನ್ನುವ ಸಾಗರವಿತ್ತು. ಅದರ ತಳ ಏಷ್ಯಾದ ಅಡಿಗೆ ಇಳಿಯುತ್ತಾ ಹೋಯಿತು. ಸಾಗರ ಖಾಲಿಯಾದ ಮೇಲೆ ಅದರ ಹಿಂದೆ ಅಂಟಿಕೊಂಡಿದ್ದ ಭಾರತದ ಅಂಚೂ ಅದೇ ದಾರಿ ಹಿಡಿಯಿತು. ಲಡಾಖಿನಲ್ಲಿ ಸಿಂಧೂ ನದಿ ಹರಿಯುವ ಸಾಲು ಸುಮಾರಾಗಿ ಭಾರತ, ಏಷ್ಯಾ ಕೂಡಿದ ಹೊಲಿಗೆಯ ಗುರುತು. ತ್ಸೊ ಮೊರಿರಿ ಅದರ ದಕ್ಷಿಣಕ್ಕಿದೆ. (ಭೂವಿಜ್ಞಾನಿಗಳ ಬರಹದಲ್ಲಿ ಈ ಶಿಲೆಗಳ ಹೆಸರು 'ತ್ಸೊ ಮೊರಾರಿ' ಅಂತಲೇ ನಿಂತುಬಿಟ್ಟಿದೆ. ಸರೋವರಕ್ಕೆ ಒಂದು, ಕಲ್ಲಿಗೆ ಇನ್ನೊಂದು. ಗಾಬರಿ ಬೇಡ.)

ಅಷ್ಟು ಆಳಕ್ಕೆ ಹೋಗಿತ್ತು ಅಂತ ಹೇಗೆ ಹೇಳುತ್ತೀರಿ? ಯಾರೂ ನೋಡಿಲ್ಲವಲ್ಲ?

ಕಲ್ಲಿನೊಳಗಿನ ಖನಿಜಗಳೇ ಹೇಳುತ್ತವೆ. ಬಸಾಲ್ಟ್ (ಲಾವಾ ಗಟ್ಟಿಯಾಗಿ ಆದ ಕಪ್ಪು ಕಲ್ಲು) ಕೆಳಗಿಳಿದ ಹಾಗೆ ಒತ್ತಡ ಏರುತ್ತದೆ. ಅದರಲ್ಲಿದ್ದ ಖನಿಜಗಳು ಒಂದೊಂದಾಗಿ ಇಲ್ಲವಾಗಿ, ಆ ಒತ್ತಡಕ್ಕೆ ಹೊಂದುವ ಬೇರೆ ಖನಿಜಗಳು ಬೆಳೆಯುತ್ತವೆ. ಮೊದಲು ನೀಲಿ ಬಣ್ಣದ ಗ್ಲಾಕೊಫೇನ್ ಇರುವ ನೀಲಿ ಶಿಸ್ಟ್ (ಶಿಸ್ಟ್ ಅಂದರೆ ತೆಳು ಪದರಗಳಾಗಿ ಬಿಡುವ ಕಲ್ಲು). ಇನ್ನೂ ಕೆಳಗೆ ಹೋದರೆ ಮೇಲೆ ಹೇಳಿದ ಕಪ್ಪು ಗಂಟುಗಳ ಕಲ್ಲು, ಅಂದರೆ ಕೆಂಪು ಗಾರ್ನೆಟ್ ಮತ್ತು ಹಸಿರು ಆಂಫಸೈಟ್ ಕೂಡಿದ ಎಕ್ಲೋಜೈಟ್. ಫ್ರಾನ್ಸಿನ ರೆನೆ ಜಸ್ಟ್ ಆವಿ 1822ರಲ್ಲಿ ಇಟ್ಟ ಹೆಸರು ಅದು. ನಾನು ಕೈಯಲ್ಲಿ ಹಿಡಿದ ಕಲ್ಲುಗಳಲ್ಲಿ ಇಷ್ಟು ಚೆಂದದ್ದು ಬೇರೆ ಇಲ್ಲ.

ಇದಕ್ಕಿಂತ ಗಟ್ಟಿ ಸಾಕ್ಷಿ ಕೋಯಸೈಟ್. ಇದು ಮರಳಿನಲ್ಲಿರುವ ಕ್ವಾರ್ಟ್ಸೇ, ಆದರೆ ಭಾರೀ ಒತ್ತಡದಲ್ಲಿ ಇನ್ನಷ್ಟು ಒತ್ತಾಗಿ ಕೂತದ್ದು. 1953ರಲ್ಲಿ ಲೋರಿಂಗ್ ಕೋಸ್ ಅದನ್ನು ಲ್ಯಾಬಿನಲ್ಲಿ ಮಾಡಿ ತೋರಿಸಿದರು. ಭೂಖಂಡದ ಕಲ್ಲು ಅಷ್ಟು ಆಳಕ್ಕೆ ಹೋಗಿ ಮತ್ತೆ ಮೇಲೆ ಬರುತ್ತದೆ ಅಂತ ಆಗ ಯಾರೂ ಅಂದುಕೊಂಡಿರಲಿಲ್ಲ. 1984ರಲ್ಲಿ ಇಟಲಿಯ ಆಲ್ಪ್ಸ್‌ನ ದೋರಾ ಮೈರಾದ ಗಾರ್ನೆಟ್‌ಗಳೊಳಗೆ ಕ್ರಿಶ್ಚಿಯನ್ ಶೋಪನ್ ಕೋಯಸೈಟ್ ಕಂಡರು. ಅದೇ ವರ್ಷ ನಾರ್ವೆಯ ಎಕ್ಲೋಜೈಟ್‌ನಲ್ಲೂ ಅದು ಸಿಕ್ಕಿತು. ತ್ಸೊ ಮೊರಾರಿಯ ಎಕ್ಲೋಜೈಟ್‌ನಲ್ಲಿ ಕೋಯಸೈಟ್ ಇರುವುದನ್ನು 2000ರ ದಶಕದ ಮೊದಲಲ್ಲಿ ತೋರಿಸಿಕೊಟ್ಟವರು ಡೆಹ್ರಾಡೂನಿನ ವಾಡಿಯಾ ಹಿಮಾಲಯ ಭೂವಿಜ್ಞಾನ ಸಂಸ್ಥೆಯವರು.

ಸೂಕ್ಷ್ಮದರ್ಶಕದಲ್ಲಿ ಇದನ್ನು ನೋಡಬೇಕು ನೀವು. ಕಲ್ಲು ಮೇಲೆ ಬರುವಾಗ ಕೋಯಸೈಟ್ ಮತ್ತೆ ಕ್ವಾರ್ಟ್ಸ್ ಆಗುತ್ತದೆ, ಸುಮಾರು ಹತ್ತನೇ ಒಂದು ಪಾಲು ಉಬ್ಬುತ್ತದೆ. ಸುತ್ತ ಗಟ್ಟಿ ಗಾರ್ನೆಟ್ ಇದೆ, ಜಾಗ ಬಿಡುವುದಿಲ್ಲ. ಗಾರ್ನೆಟ್ಟೇ ಬಿರಿಯುತ್ತದೆ. ನಡುವೆ ಒಂದು ಚೂರು ಕೋಯಸೈಟ್, ಅದರ ಸುತ್ತ ಕ್ವಾರ್ಟ್ಸ್‌ನ ಅಂಚು, ಅಲ್ಲಿಂದ ಸೂರ್ಯನ ಕಿರಣದ ಹಾಗೆ ಎಲ್ಲಾ ಕಡೆಗೂ ಹೊರಟ ಬಿರುಕುಗಳು.

ವಯಸ್ಸಿಗೆ ಹರಳನ್ನೇ ಯಾಕೆ ಹುಡುಕಬೇಕು? ಇಡೀ ಕಲ್ಲನ್ನು ಪುಡಿ ಮಾಡಿ ಅಳೆದರೆ ಆಗಲ್ವಾ?

ಅಳೆಯಬಹುದು, ಸಂಖ್ಯೆಯೂ ಬರುತ್ತದೆ. ಆ ಸಂಖ್ಯೆ ಯಾವುದರದ್ದು ಅಂತ ಹೇಳಲಿಕ್ಕೆ ಆಗುವುದಿಲ್ಲ, ಅದೇ ತೊಂದರೆ.

ಈ ಕಲ್ಲುಗಳಿಗೆ ಒಂದೇ ವಯಸ್ಸು ಇಲ್ಲ. ತ್ಸೊ ಮೊರಾರಿಯ ತಿಳಿ ನೈಸ್ ಮೊದಲು ಗ್ರಾನೈಟ್ ಆಗಿ ಗಟ್ಟಿಯಾದದ್ದು ಸುಮಾರು 48 ಕೋಟಿ ವರ್ಷ ಹಿಂದೆ. ಆಮೇಲೆ ಅದು ಆಳಕ್ಕೆ ಇಳಿಯಿತು. ಅಲ್ಲಿ ಹೊಸ ಹರಳು ಬೆಳೆಯಿತು. ಮೇಲೆ ಬರುವಾಗ ಇನ್ನಷ್ಟು ಬೆಳೆಯಿತು. ಕೊನೆಗೆ ತಣ್ಣಗಾಯಿತು. ಪ್ರತಿಯೊಂದಕ್ಕೂ ಬೇರೆ ತಾರೀಖು. ಎಲ್ಲವನ್ನೂ ಒಟ್ಟಿಗೆ ಅರೆದುಬಿಟ್ಟರೆ ಯಾವ ಘಟನೆಗೂ ಸೇರದ ಒಂದು ನಡುವಿನ ಸಂಖ್ಯೆ ಕೈಗೆ ಬರುತ್ತದೆ.

ಆದ್ದರಿಂದ ಯಾರಾದರೂ 'ಈ ಕಲ್ಲು ಇಷ್ಟು ಕೋಟಿ ವರ್ಷ ಹಳೆಯದು' ಅಂದರೆ ನಾನು ಮೂರು ಮಾತು ಕೇಳುತ್ತೇನೆ. ಯಾವ ಹರಳು? ಹರಳಿನ ಯಾವ ಭಾಗ? ಅದು ಬೆಳೆಯುವಾಗ ಪಕ್ಕದಲ್ಲಿ ಏನೇನು ಬೆಳೆಯುತ್ತಿತ್ತು? ಈ ಮೂರಕ್ಕೂ ಉತ್ತರ ಇದ್ದರೆ ಮಾತ್ರ ತಾರೀಖನ್ನು ಆಳದ ಜೊತೆ ಜೋಡಿಸಬಹುದು. ಕೆಳಗಿನ ಉತ್ತರಗಳೆಲ್ಲ ಇದರ ಸುತ್ತಲೇ ತಿರುಗುತ್ತವೆ.

ಹರಳಿನ ಒಳಗೆ ಗಡಿಯಾರ ಹೇಗೆ ನಡೆಯುತ್ತದೆ?

ಜಿರ್ಕಾನ್ ಅನ್ನು ತೆಗೆದುಕೊಳ್ಳಿ. ಜಿರ್ಕೋನಿಯಂ, ಸಿಲಿಕಾನ್, ಆಮ್ಲಜನಕ ಸೇರಿ ಆದ ಹರಳು. ಬೆಳೆಯುವಾಗ ಜಿರ್ಕೋನಿಯಂ ಜಾಗದಲ್ಲಿ ಸ್ವಲ್ಪ ಯುರೇನಿಯಂ ಅನ್ನೂ ಸೇರಿಸಿಕೊಳ್ಳುತ್ತದೆ. ಸೀಸವನ್ನು ಮಾತ್ರ ಹತ್ತಿರ ಬಿಡುವುದಿಲ್ಲ. ಸೀಸದ ಅಣು ದೊಡ್ಡದು, ಅದರ ವಿದ್ಯುದಂಶವೂ ಹೊಂದುವುದಿಲ್ಲ. ಅಂದರೆ ಹರಳು ಹುಟ್ಟುವಾಗ ಅದರಲ್ಲಿ ಸೀಸ ಇಲ್ಲ ಅಂತಲೇ ಇಟ್ಟುಕೊಳ್ಳಬಹುದು. ಆಮೇಲೆ ಒಳಗಿನ ಯುರೇನಿಯಂ ತನ್ನಷ್ಟಕ್ಕೆ ಸೀಸವಾಗುತ್ತಾ ಹೋಗುತ್ತದೆ. ಯುರೇನಿಯಂ 238 ಅರ್ಧ ಕರಗಲು ಸುಮಾರು 447 ಕೋಟಿ ವರ್ಷ ಬೇಕು. ಬಿಸಿಯಾಗಲಿ, ಒತ್ತಡವಾಗಲಿ ಈ ವೇಗವನ್ನು ಬದಲಾಯಿಸಲಾರದು.

ಲೆಕ್ಕ ಹಾಕಿ ನೋಡೋಣ. 5 ಕೋಟಿ ವರ್ಷದ ಜಿರ್ಕಾನ್‌ನಲ್ಲಿ ಯುರೇನಿಯಂ 238ರ 1,000 ಅಣು ಉಳಿದಿದ್ದರೆ, ಅದರಿಂದ ಹುಟ್ಟಿದ ಸೀಸ 206ರ ಅಣು ಸುಮಾರು 8 ಮಾತ್ರ. 48 ಕೋಟಿ ವರ್ಷದ ಹರಳಿನಲ್ಲಿ ಸುಮಾರು 77. ಆ 8 ಅಣುಗಳನ್ನು ಸರಿಯಾಗಿ ಎಣಿಸುವುದೇ ಇಡೀ ಕೆಲಸ. ಹೊರಗಿನ ಧೂಳಿನಿಂದ ಚೂರು ಸೀಸ ಬೆರೆತರೂ ಲೆಕ್ಕ ಕೆಡುತ್ತದೆ. ಅದಕ್ಕೇ ಈ ಲ್ಯಾಬುಗಳಲ್ಲಿ ಗಾಳಿಯನ್ನೂ ಸೋಸಿ ಒಳಗೆ ಬಿಡುತ್ತಾರೆ.

ಜಿರ್ಕಾನ್‌ನಲ್ಲಿ ಎರಡು ಗಡಿಯಾರ ಇದೆ ಅಂತಾರಲ್ಲ, ಅದೇನು?

ಯುರೇನಿಯಂ 235 ಕೂಡ ಇದೆ. ಅದು ಬೇಗ ಕರಗುತ್ತದೆ, ಅರ್ಧಾಯು ಸುಮಾರು 70 ಕೋಟಿ ವರ್ಷ. ಅದು ಸೀಸ 207 ಆಗುತ್ತದೆ. ಒಂದೇ ಹರಳಿನಲ್ಲಿ ಬೇರೆ ಬೇರೆ ವೇಗದ ಎರಡು ಗಡಿಯಾರ. ಎರಡೂ ಒಂದೇ ಹೊತ್ತು ತೋರಿಸಿದರೆ ನಂಬಬಹುದು. ತೋರಿಸದಿದ್ದರೆ ಸೀಸ ಎಲ್ಲೋ ಸೋರಿದೆ, ಇಲ್ಲವೇ ಹಳೆಯದೂ ಹೊಸದೂ ಬೆರೆತಿದೆ. ಈ ಹೋಲಿಕೆಯನ್ನು ಒಂದು ನಕ್ಷೆಯಲ್ಲಿ ಇಡುವ ದಾರಿಯನ್ನು ಜಾರ್ಜ್ ವೆದರಿಲ್ 1956ರಲ್ಲಿ ಕೊಟ್ಟರು. ಇವತ್ತಿಗೂ ಅದೇ ನಡೆಯುತ್ತಿದೆ.

ಕಲ್ಲಿನಿಂದ ಇಷ್ಟು ಸಣ್ಣ ಹರಳು ಹೊರಗೆ ತೆಗೆಯೋದು ಹೇಗೆ?

ಅಕ್ಕಿ ಜಾಲಿಸಿದ್ದೀರಾ? ನೀರು ಹಾಕಿ, ಪಾತ್ರೆಯನ್ನು ಹದವಾಗಿ ಆಡಿಸಿದರೆ ಅಕ್ಕಿ ನೀರಿನ ಜೊತೆ ಹೋಗುತ್ತದೆ, ಕಲ್ಲು ತಳದಲ್ಲಿ ಉಳಿಯುತ್ತದೆ. ಇಲ್ಲೂ ಅದೇ ಉಪಾಯ. ಅಲ್ಲಿ ಉಳಿದ ಕಲ್ಲನ್ನು ಬಿಸಾಡುತ್ತೀರಿ, ಇಲ್ಲಿ ನಮಗೆ ಬೇಕಾದದ್ದು ಅದೇ.

ಮೊದಲು ಕೆಲವು ಕಿಲೊ ಕಲ್ಲನ್ನು ಯಂತ್ರದಲ್ಲಿ ಒಡೆದು, ಪುಡಿ ಮಾಡಿ, ಜರಡಿ ಹಿಡಿಯುತ್ತಾರೆ. ಜಿರ್ಕಾನ್ ನೀರಿಗಿಂತ ನಾಲ್ಕೂವರೆ ಪಟ್ಟು ಭಾರ. ಕ್ವಾರ್ಟ್ಸ್ ಎರಡೂವರೆ ಪಟ್ಟು ಸ್ವಲ್ಪ ಮೇಲೆ. ನೀರಿನಲ್ಲಿ ಆಡಿಸಿದರೆ ಹಗುರವಾದದ್ದು ಹೋಗುತ್ತದೆ. ಉಳಿದ ಕಪ್ಪು ಪುಡಿಯನ್ನು ಅಯಸ್ಕಾಂತದ ಮೇಲೆ ಹಾಯಿಸಿ ಕಬ್ಬಿಣದ ಅಂಶ ಇರುವುದನ್ನು ಬೇರೆ ಮಾಡುತ್ತಾರೆ. ಆಮೇಲೆ ಮೆಥಿಲೀನ್ ಅಯೋಡೈಡ್ ಅನ್ನುವ ಭಾರದ ದ್ರವಕ್ಕೆ ಹಾಕುತ್ತಾರೆ. ಅದರಲ್ಲಿ ಕ್ವಾರ್ಟ್ಸ್ ತೇಲುತ್ತದೆ, ಜಿರ್ಕಾನ್ ಮುಳುಗುತ್ತದೆ.

ಕೊನೆಯದು ಕೈಕೆಲಸ. ಸೂಕ್ಷ್ಮದರ್ಶಕದ ಅಡಿಯಲ್ಲಿ ತೆಳು ಸೂಜಿಯ ತುದಿಯಿಂದ ಒಂದೊಂದೇ ಹರಳನ್ನು ಆರಿಸಬೇಕು. ಜಿರ್ಕಾನ್ ಸಾಮಾನ್ಯವಾಗಿ ಒಂದು ಮಿಲಿಮೀಟರಿನ ಹತ್ತನೇ ಒಂದು ಪಾಲು. ಗಾರ್ನೆಟ್ ಆದರೆ ಒಳಗೆ ಬೇರೆ ಖನಿಜದ ಚೂರು ಇಲ್ಲದ ಸ್ವಚ್ಛ ತುಣುಕುಗಳನ್ನೇ ಹುಡುಕಬೇಕು. ನಾನು ಒಂದು ಸಲ ಎರಡು ದಿನ ಕೂತು ಗಾರ್ನೆಟ್ ಆರಿಸಿದ್ದೆ. ಯಾರೋ ಬಾಗಿಲು ತೆರೆದರು, ಗಾಳಿ ನುಗ್ಗಿತು, ಗಾಜಿನ ತಟ್ಟೆ ಖಾಲಿ. ನೆಲದಲ್ಲಿ ಹುಡುಕಿ ಉಪಯೋಗವಿಲ್ಲ, ಧೂಳು ಬೆರೆತ ಹರಳನ್ನು ಅಳೆಯುವ ಹಾಗಿಲ್ಲ. ಮತ್ತೆ ಮೊದಲಿಂದ ಶುರು ಮಾಡಿದೆ. ಲ್ಯಾಬಿನಲ್ಲಿ ಈ ಕೆಲಸ ಮಾಡುವವರ ತಾಳ್ಮೆಯ ಬಗ್ಗೆ ಯಾರೂ ಬರೆಯುವುದಿಲ್ಲ. ಕೊನೆಗೆ ಬರುವ ಒಂದು ಸಂಖ್ಯೆಯ ಹಿಂದೆ ಅವರ ಕಣ್ಣು, ಬೆನ್ನು ಎರಡೂ ಇರುತ್ತವೆ.

ಒಂದೇ ಜಿರ್ಕಾನ್‌ನಲ್ಲಿ ಎರಡು ಮೂರು ವಯಸ್ಸು ಹೇಗೆ ಬರುತ್ತದೆ?

ಆರಿಸಿದ ಹರಳುಗಳನ್ನು ಎಪಾಕ್ಸಿ ಅಂಟಿನಲ್ಲಿ ಹೂತು, ಅರ್ಧ ಸವೆಯುವಷ್ಟು ಉಜ್ಜುತ್ತಾರೆ. ಕೊಯ್ದ ಈರುಳ್ಳಿಯ ಹಾಗೆ ಒಳಗಿನ ಪದರ ತೆರೆದುಕೊಳ್ಳುತ್ತದೆ. ಬರಿಗಣ್ಣಿಗೆ, ಮಾಮೂಲಿ ಬೆಳಕಿಗೆ ಏನೂ ಕಾಣದು. ಎಲೆಕ್ಟ್ರಾನ್ ಕಿರಣ ಬಿಟ್ಟರೆ ಹರಳು ತಾನೇ ಮಿನುಗುತ್ತದೆ, ಆಗ ಪದರಗಳು ಬೇರೆ ಬೇರೆ ಕಾಣುತ್ತವೆ. ತ್ಸೊ ಮೊರಾರಿಯ ನೈಸ್‌ನಂಥ ಕಲ್ಲಿನ ಜಿರ್ಕಾನ್‌ನ ನಡುವೆ ಅಚ್ಚುಕಟ್ಟಾದ ಗೆರೆಗಳಿರುವ ತಿರುಳು ಇರುತ್ತದೆ. ಕರಗಿದ ಗ್ರಾನೈಟ್‌ನಲ್ಲಿ ಬೆಳೆದದ್ದು ಅದು. ಅದರ ಸುತ್ತ ಗೆರೆಯಿಲ್ಲದ ತೆಳು ಅಂಚು. ಆಳಕ್ಕೆ ಹೋದಾಗ ಬೆಳೆದದ್ದು. ತಿರುಳು ಹತ್ತಾರು ಕೋಟಿ ವರ್ಷ ಹಳೆಯದು, ಅಂಚು ಐದು ಕೋಟಿಯ ಆಸುಪಾಸು.

ಅಂಚಿನ ಅಗಲ ಎಷ್ಟೋ ಸಲ ಕೂದಲಿಗಿಂತ ಕಡಿಮೆ. ಅದನ್ನು ಮಾತ್ರ ಅಳೆಯಲು ಅಯಾನ್ ಕಿರಣದ ಯಂತ್ರ ಬೇಕು. ಆಸ್ಟ್ರೇಲಿಯಾದ ಕ್ಯಾನ್‌ಬೆರಾದಲ್ಲಿ ವಿಲಿಯಂ ಕಾಂಪ್ಸ್ಟನ್ ತಂಡ ಕಟ್ಟಿದ ಶ್ರಿಂಪ್ ಯಂತ್ರ ಈ ದಾರಿ ತೆರೆಯಿತು. 20ರಿಂದ 30 ಮೈಕ್ರಾನ್ (ಮಿಲಿಮೀಟರಿನ ಸಾವಿರದ ಒಂದು ಪಾಲು ಒಂದು ಮೈಕ್ರಾನ್) ಅಗಲದ ಗುಂಡಿ ತೋಡಿ, ಅಲ್ಲಿಂದ ಎದ್ದ ಅಣುಗಳನ್ನು ತೂಗುತ್ತದೆ. ಈಗ ಲೇಸರ್ ಯಂತ್ರಗಳೂ ಇದನ್ನು ಮಾಡುತ್ತವೆ.

ಇಷ್ಟಾದರೂ ಅಂಚಿನ ವಯಸ್ಸು ಸಿಕ್ಕಿತು, ಅಷ್ಟೆ. ಅದು ಬೆಳೆದದ್ದು ಯಾವ ಆಳದಲ್ಲಿ? ಇಲ್ಲಿ ನನಗೆ ತುಂಬ ಇಷ್ಟವಾದ ಒಂದು ಪತ್ತೇದಾರಿ ಇದೆ. ಗಾರ್ನೆಟ್ ಬೆಳೆಯುವಾಗ ಇಟರ್ಬಿಯಂ, ಲುಟೇಶಿಯಂನಂಥ ಭಾರದ ಮೂಲಧಾತುಗಳನ್ನು ಬಾಚಿಕೊಳ್ಳುತ್ತದೆ. ಪ್ಲೇಜಿಯೋಕ್ಲೇಸ್ ಅನ್ನುವ ಫೆಲ್ಡ್‌ಸ್ಪಾರ್ ಯುರೋಪಿಯಂ ಅನ್ನು ಎಳೆದುಕೊಳ್ಳುತ್ತದೆ. ಎಕ್ಲೋಜೈಟ್ ಆಗುವ ಆಳದಲ್ಲಿ ಗಾರ್ನೆಟ್ ಇರುತ್ತದೆ, ಪ್ಲೇಜಿಯೋಕ್ಲೇಸ್ ಇರುವುದಿಲ್ಲ. ಹಾಗಾಗಿ ಅಲ್ಲಿ ಬೆಳೆದ ಜಿರ್ಕಾನ್ ಅಂಚಿನಲ್ಲಿ ಭಾರದ ಧಾತುಗಳು ಕಡಿಮೆ, ಯುರೋಪಿಯಂ ಕೊರತೆ ಇಲ್ಲ. ಯಾರ ಜೊತೆ ಬೆಳೆಯಿತು ಅನ್ನುವುದನ್ನು ಹರಳು ಹೀಗೆ ಮೈಯಲ್ಲೇ ಬರೆದುಕೊಂಡಿರುತ್ತದೆ. ಅದೃಷ್ಟ ಇದ್ದರೆ ಜಿರ್ಕಾನ್ ಒಳಗೇ ಒಂದು ಚೂರು ಕೋಯಸೈಟ್ ಸಿಕ್ಕಿಕೊಂಡಿರುತ್ತದೆ. ಆಗ ಬೇರೆ ಸಾಕ್ಷಿಯೇ ಬೇಡ.

ಅಂಥ ಅದೃಷ್ಟ ಒದಗಿದ್ದು ಪಾಕಿಸ್ತಾನದ ಕಾಘಾನ್ ಕಣಿವೆಯಲ್ಲಿ. ಜಪಾನಿನ ವಿಜ್ಞಾನಿಗಳ ತಂಡ 2003ರಲ್ಲಿ ಪ್ರಕಟಿಸಿದ ಕೆಲಸದಲ್ಲಿ, ಕ್ವಾರ್ಟ್ಸ್ ಚೂರು ಇರುವ ಜಿರ್ಕಾನ್ ಭಾಗ ಸುಮಾರು 5 ಕೋಟಿ ವರ್ಷ ತೋರಿಸಿತು. ಕೋಯಸೈಟ್ ಚೂರು ಇರುವ ಭಾಗ ಸುಮಾರು 4.6 ಕೋಟಿ. ಇಳಿಯುತ್ತಿದ್ದ ಕಲ್ಲಿನ ಎರಡು ನಿಲ್ದಾಣಗಳು, ಎರಡಕ್ಕೂ ಪ್ರತ್ಯೇಕ ತಾರೀಖು.

ಜಿರ್ಕಾನ್ ಇಷ್ಟು ಒಳ್ಳೆಯದಾದರೆ ಗಾರ್ನೆಟ್ ಯಾಕೆ ಬೇಕು?

ಬಸಾಲ್ಟ್‌ನಿಂದ ಆದ ಎಕ್ಲೋಜೈಟ್‌ನಲ್ಲಿ ಜಿರ್ಕಾನ್ ಬಹಳ ಕಡಿಮೆ. ಇದ್ದರೂ ಅದು ಇಳಿಯುವಾಗ ಬೆಳೆಯಿತೋ ಏರುವಾಗಲೋ ಅನ್ನುವ ಜಗಳ ತೀರುವುದಿಲ್ಲ. ಗಾರ್ನೆಟ್ ಹಾಗಲ್ಲ. ಕಲ್ಲು ಎಷ್ಟು ಆಳ, ಎಷ್ಟು ಬಿಸಿಯಲ್ಲಿತ್ತು ಅನ್ನುವುದನ್ನು ಲೆಕ್ಕ ಹಾಕುವುದೇ ಬಹುಪಾಲು ಗಾರ್ನೆಟ್‌ನಿಂದ. ಅದಕ್ಕೇ ತಾರೀಖು ಸಿಕ್ಕರೆ ಆಳ ಮತ್ತು ಕಾಲ ಎರಡೂ ಒಂದೇ ಹರಳಿನಲ್ಲಿ.

ಗಾರ್ನೆಟ್‌ನ ಗಡಿಯಾರ ಲುಟೇಶಿಯಂ 176. ಅದು ಹ್ಯಾಫ್ನಿಯಂ 176 ಆಗುತ್ತದೆ, ಅರ್ಧಾಯು ಸುಮಾರು 3,700 ಕೋಟಿ ವರ್ಷ. ಬಹಳ ನಿಧಾನ. 5 ಕೋಟಿ ವರ್ಷದಲ್ಲಿ 10,000 ಲುಟೇಶಿಯಂ 176 ಅಣುಗಳಲ್ಲಿ ಬರೀ 9 ಬದಲಾಗಿರುತ್ತವೆ. ಗಾರ್ನೆಟ್ ಲುಟೇಶಿಯಂ ಅನ್ನು ಆಸೆಯಿಂದ ಹಿಡಿದಿಡುವುದರಿಂದ ಮಾತ್ರ ಇದು ಸಾಧ್ಯ. ಸಮೇರಿಯಂ ನಿಯೋಡಿಮಿಯಂ ಆಗುವ ಇನ್ನೊಂದು ಗಡಿಯಾರವೂ ಇದೆ, ಇನ್ನೂ ನಿಧಾನ, 10,600 ಕೋಟಿ ವರ್ಷ.

ಒಂದು ಸೂಕ್ಷ್ಮ ಇದೆ. ಗಾರ್ನೆಟ್ ಬೆಳೆಯಲು ಶುರು ಮಾಡಿದಾಗ ಲುಟೇಶಿಯಂ ಅನ್ನೆಲ್ಲ ಮೊದಲೇ ನುಂಗಿಬಿಡುತ್ತದೆ. ಹಾಗಾಗಿ ಅದು ನಡುವಿನಲ್ಲಿ ಜಾಸ್ತಿ, ಹೊರಗೆ ಕಡಿಮೆ. ಲುಟೇಶಿಯಂ ಗಡಿಯಾರ ಹೇಳುವ ತಾರೀಖು ಬೆಳವಣಿಗೆಯ ಆರಂಭದ ಕಡೆ ವಾಲುತ್ತದೆ. ಸಮೇರಿಯಂ ಗಡಿಯಾರ ಸ್ವಲ್ಪ ಆಮೇಲಿನದನ್ನು ಹೇಳುತ್ತದೆ. ಎರಡೂ ಬೇರೆ ಬಂದರೆ ಒಂದು ತಪ್ಪು ಅಂತಲ್ಲ. ಅವುಗಳ ನಡುವಿನ ಅಂತರವೇ ಹರಳು ಎಷ್ಟು ಕಾಲ ಬೆಳೆಯಿತು ಅನ್ನುವುದರ ಸುಳಿವು.

ದೊಡ್ಡ ಗಾರ್ನೆಟ್ ಸಿಕ್ಕರೆ ಮರದ ಉಂಗುರದ ಹಾಗೆ ಪದರ ಪದರವಾಗಿ ಕೊರೆದು ಅಳೆಯಬಹುದು. ಗ್ರೀಸಿನ ಸಿಫ್ನೋಸ್ ದ್ವೀಪದ ಗಾರ್ನೆಟ್‌ಗಳಲ್ಲಿ ಹೀಗೆ ಮಾಡಿ ನೋಡಿದಾಗ, ತಿರುಳು ಹತ್ತಾರು ಲಕ್ಷ ವರ್ಷ ನಿಧಾನವಾಗಿ ಬೆಳೆದಿತ್ತು. ಸುಮಾರು 4.5 ಕೋಟಿ ವರ್ಷ ಹಿಂದೆ ಹತ್ತು ಲಕ್ಷ ವರ್ಷಕ್ಕೂ ಕಡಿಮೆ ಅವಧಿಯಲ್ಲಿ ಉಳಿದ ಬಹುಭಾಗ ಸರಸರನೆ ಬೆಳೆದುಬಿಟ್ಟಿತ್ತು. ಗಾರ್ನೆಟ್ ಬೆಳೆಯುವ ಕ್ರಿಯೆ ಕಲ್ಲಿನಿಂದ ನೀರನ್ನು ಹೊರಗೆ ತಳ್ಳುತ್ತದೆ. ಅಂದರೆ ಆ ಸ್ವಲ್ಪ ಕಾಲದಲ್ಲಿ ಕೆಳಗಿಳಿದ ಫಲಕ ಬಹಳ ನೀರು ಬಿಟ್ಟಿತು. ಜ್ವಾಲಾಮುಖಿಗಳಿಗೆ, ಆಳದ ಭೂಕಂಪಗಳಿಗೆ ಈ ನೀರಿನ ಜೊತೆ ನಂಟಿದೆ.

ಬೇರೆ ಯಾವ ಹರಳುಗಳು ಕೆಲಸಕ್ಕೆ ಬರುತ್ತವೆ?

ರೂಟೈಲ್, ಟೈಟನೈಟ್, ಮೊನಜೈಟ್, ಅಲ್ಲನೈಟ್ ಇವುಗಳಲ್ಲಿ ಯುರೇನಿಯಂ-ಸೀಸದ ಗಡಿಯಾರ. ಬಿಳಿ ಅಭ್ರಕದಲ್ಲಿ ಪೊಟ್ಯಾಶಿಯಂ-ಆರ್ಗಾನ್ ಗಡಿಯಾರ, ಅದು ಮುಖ್ಯವಾಗಿ ಕಲ್ಲು ತಣ್ಣಗಾದ ಕಾಲ ಹೇಳುತ್ತದೆ. ಲಾಸೊನೈಟ್ ಅನ್ನುವ ಖನಿಜ ತಣ್ಣನೆಯ ಸಬ್‌ಡಕ್ಷನ್ ವಲಯದ ಗುರುತು. ಇದರಲ್ಲೂ ಲುಟೇಶಿಯಂ ಗಡಿಯಾರ ಓದಬಹುದು ಅಂತ 2009ರಲ್ಲಿ ತೋರಿಸಿದರು. ಈ ಖನಿಜ ಮೊದಲು ಸಿಕ್ಕಿದ್ದು ಸ್ಯಾನ್ ಫ್ರಾನ್ಸಿಸ್ಕೊ ಪಕ್ಕದ ಟಿಬ್ಯುರಾನ್‌ನಲ್ಲಿ, 1895ರಲ್ಲಿ. ಬೇ ಏರಿಯಾದಲ್ಲಿರುವ ಕನ್ನಡಿಗರು ಭಾನುವಾರ ಅಲ್ಲಿನ ರಿಂಗ್ ಮೌಂಟನ್‌ಗೆ ನಡೆದು ಹೋಗಿ ಬನ್ನಿ. ಹುಲ್ಲಿನ ನಡುವೆ ನಿಂತ ನೀಲಿ ಛಾಯೆಯ ಬಂಡೆಗಳು ಸಬ್‌ಡಕ್ಷನ್ ವಲಯದಿಂದ ಎದ್ದು ಬಂದವು. ಮುಟ್ಟಿ ನೋಡಿ, ಒಡೆಯಬೇಡಿ.

ಹಾಗಾದರೆ ತ್ಸೊ ಮೊರಾರಿಯ ಕಲ್ಲು ಆಳದಲ್ಲಿದ್ದದ್ದು ಯಾವಾಗ?

ಇಲ್ಲಿ ಒಂದೇ ಉತ್ತರ ಇಲ್ಲ. 2000ದಲ್ಲಿ ಗಾರ್ನೆಟ್, ಅಲ್ಲನೈಟ್ ಹರಳುಗಳನ್ನು ಅಳೆದ ತಂಡಕ್ಕೆ 5.5 ಕೋಟಿ ವರ್ಷ ಬಂತು, ಆದರೆ ಆಚೆ ಈಚೆ 60 ಲಕ್ಷ ವರ್ಷದ ಸಡಿಲ ಇತ್ತು. 2005ರಲ್ಲಿ ತಿಳಿ ನೈಸ್‌ನ ಜಿರ್ಕಾನ್ ಅಂಚುಗಳನ್ನು ಶ್ರಿಂಪ್‌ನಲ್ಲಿ ಅಳೆದವರಿಗೆ ಮೂರು ಗುಂಪು ಕಂಡವು: 5.33 ಕೋಟಿ, 5 ಕೋಟಿ, 4.75 ಕೋಟಿ. ಮೊದಲನೆಯದು ಅತಿ ಆಳ, ಕೊನೆಯದು ಮೇಲೆ ಬರುವಾಗಿನದು ಅಂದರು. 2013ರಲ್ಲಿ ಇನ್ನೊಂದು ತಂಡ ನೈಸ್ ಬಿಟ್ಟು ಎಕ್ಲೋಜೈಟ್‌ನೊಳಗಿನ ಜಿರ್ಕಾನ್ ಅನ್ನೇ ಹುಡುಕಿತು. ಲೇಸರ್‌ನಿಂದ ಒಂದೇ ಗುಂಡಿಯಲ್ಲಿ ವಯಸ್ಸನ್ನೂ ಭಾರದ ಧಾತುಗಳನ್ನೂ ಒಟ್ಟಿಗೆ ಅಳೆಯಿತು. ಅವರಿಗೆ ಬಂದದ್ದು 4.7ರಿಂದ 4.3 ಕೋಟಿ. ಧಾತುಗಳ ಗುರುತು ಎಕ್ಲೋಜೈಟ್‌ನದ್ದೇ. 2005ರ ತಂಡ 'ಆಗಲೇ ಮೇಲೆ ಬಂದಿತ್ತು' ಅನ್ನುವ ಹೊತ್ತಿನಲ್ಲಿ, ಈ ತಂಡದ ಪ್ರಕಾರ ಕಲ್ಲು ಇನ್ನೂ ಆಳದಲ್ಲೇ ಇತ್ತು.

ಅರವತ್ತು ಎಪ್ಪತ್ತು ಲಕ್ಷ ವರ್ಷದ ವ್ಯತ್ಯಾಸಕ್ಕೆ ಇಷ್ಟು ಜಗಳ ಯಾಕೆ ಅಂತ ಕೇಳಬಹುದು. ಭಾರತದ ಅಂಚು ಯಾವಾಗ ಆಳಕ್ಕೆ ಇಳಿಯಿತು ಅನ್ನುವುದು ಭಾರತ ಏಷ್ಯಾಕ್ಕೆ ಯಾವಾಗ ಡಿಕ್ಕಿ ಹೊಡೆಯಿತು ಅನ್ನುವ ಪ್ರಶ್ನೆಗೆ ನೇರ ಉತ್ತರ. ಡಿಕ್ಕಿಗೆ ಮೊದಲು ಭಾರತ ವರ್ಷಕ್ಕೆ 15 ಸೆಂ.ಮೀ.ಗಿಂತ ಜಾಸ್ತಿ ವೇಗದಲ್ಲಿ ಉತ್ತರಕ್ಕೆ ಸಾಗುತ್ತಿತ್ತು. ಸುಮಾರು 5 ಕೋಟಿ ವರ್ಷ ಹಿಂದೆ ಅದು 5 ಸೆಂ.ಮೀ. ಆಸುಪಾಸಿಗೆ ಇಳಿಯಿತು. ಈ ಎರಡನ್ನೂ ಹೊಂದಿಸಬೇಕು. ಜೊತೆಗೆ, ಕಾಘಾನ್‌ನ 4.6 ಕೋಟಿ ಗಟ್ಟಿಯಾಗಿ ನಿಂತಿದೆ. ತ್ಸೊ ಮೊರಾರಿ ಅದಕ್ಕಿಂತ ಎಪ್ಪತ್ತು ಲಕ್ಷ ವರ್ಷ ಮೊದಲು ಇಳಿದಿದ್ದರೆ ಭಾರತದ ಅಂಚು ಒಂದೇ ಸಲಕ್ಕೆ ಬಡಿಯಲಿಲ್ಲ. ಎರಡೂ ಒಂದೇ ಕಾಲದ್ದಾದರೆ ಚಿತ್ರ ಬೇರೆ.

ನನ್ನ ಒಲವು 2013ರ ದಾರಿಯ ಕಡೆಗೆ. ಸಂಖ್ಯೆ ಇಷ್ಟವಾಯಿತು ಅಂತಲ್ಲ. ವಯಸ್ಸು ಮತ್ತು ಆಳದ ಗುರುತು ಎರಡನ್ನೂ ಒಂದೇ ಗುಂಡಿಯಿಂದ ತೆಗೆದರು, ಅದಕ್ಕೆ.

ಈ ಗಡಿಯಾರಗಳು ಸುಳ್ಳು ಹೇಳಿದ್ದುಂಟಾ?

ಉಂಟು. ದೋರಾ ಮೈರಾದ ಬಿಳಿ ಅಭ್ರಕವನ್ನು ಆರ್ಗಾನ್ ದಾರಿಯಲ್ಲಿ ಅಳೆದಾಗ ಸುಮಾರು 10 ಕೋಟಿ ವರ್ಷ ಬಂತು. ಆಲ್ಪ್ಸ್‌ನ ಕಲ್ಲು ಡೈನೊಸಾರ್ ಕಾಲದಲ್ಲೇ ಆಳಕ್ಕೆ ಹೋಗಿತ್ತು ಅಂತ ಅನೇಕರು ನಂಬಿದರು. 1990ರ ದಶಕದಲ್ಲಿ ಜಿರ್ಕಾನ್ ಬೇರೆ ಮಾತು ಹೇಳಿತು: ಸುಮಾರು 3.5 ಕೋಟಿ. ತಣ್ಣಗಾದ ತಾರೀಖು ಆಳಕ್ಕೆ ಹೋದ ತಾರೀಖಿಗಿಂತ ಹಳೆಯದಾಗಲು ಹೇಗೆ ಸಾಧ್ಯ?

ಕಾರಣ ಆರ್ಗಾನ್ ಅನಿಲ. ಆಳದಲ್ಲಿ ಒತ್ತಿ ಹಿಡಿದ ಕಲ್ಲಿನಿಂದ ಹಳೆಯ ಆರ್ಗಾನ್ ಹೊರಗೆ ಹೋಗಲು ದಾರಿ ಸಿಗದೆ ಹೊಸ ಅಭ್ರಕದೊಳಗೆ ಸೇರಿಕೊಂಡಿತ್ತು. ಗಡಿಯಾರ ಸೊನ್ನೆಯಿಂದ ಶುರುವಾಗಿರಲೇ ಇಲ್ಲ. ಜಿರ್ಕಾನ್‌ಗೂ ತನ್ನದೇ ಕಾಯಿಲೆ ಇದೆ. ಯುರೇನಿಯಂ ಜಾಸ್ತಿ ಇದ್ದರೆ ವಿಕಿರಣದಿಂದ ಹರಳಿನ ಕಟ್ಟು ಹಾಳಾಗಿ ಸೀಸ ಸೋರುತ್ತದೆ. ಗಾರ್ನೆಟ್‌ನೊಳಗೆ ಕಣ್ಣಿಗೆ ಬೀಳದ ಜಿರ್ಕಾನ್ ಚೂರು ಇದ್ದರೆ ಅದರ ಹಳೆಯ ಹ್ಯಾಫ್ನಿಯಂ ಲೆಕ್ಕ ಕೆಡಿಸುತ್ತದೆ. ಒಂದೇ ಹರಳನ್ನು ನಂಬಿ ಕೂರಬೇಡಿ ಅನ್ನುವುದು ಇದಕ್ಕೇ.

ಆಳಕ್ಕೆ ಹೋದ ಕಲ್ಲು ಮೇಲೆ ಬರಲು ಎಷ್ಟು ಕಾಲ ಬೇಕು?

ಅದೇ ದೋರಾ ಮೈರಾದಲ್ಲಿ ಡಾನಿಯೆಲಾ ರುಬಾಟ್ಟೊ ಮತ್ತು ಯೋರ್ಗ್ ಹೆರ್ಮನ್ 2001ರಲ್ಲಿ ಇದನ್ನು ಲೆಕ್ಕ ಹಾಕಿದರು. ಬೇರೆ ಬೇರೆ ಆಳದಲ್ಲಿ ಬೆಳೆದ ಟೈಟನೈಟ್ ಹರಳುಗಳನ್ನು ಬೇರೆ ಮಾಡಿ ಅಳೆದರು: 3.51 ಕೋಟಿ, 3.29 ಕೋಟಿ, 3.18 ಕೋಟಿ. ಅತಿ ಆಳದಿಂದ ಮೇಲ್ಭಾಗದ ತನಕ ಬರೀ 33 ಲಕ್ಷ ವರ್ಷ. ಮೊದಲ ಹಂತದಲ್ಲಿ ವರ್ಷಕ್ಕೆ 3.4 ಸೆಂ.ಮೀ., ಆಮೇಲೆ 1.6, ಕೊನೆಗೆ 0.5. ಇಳಿದಷ್ಟೇ ಬೇಗ ಏರಿತು. ಮಳೆ ಗಾಳಿ ಮೇಲಿನ ಕಲ್ಲನ್ನು ಸವೆಸಿದ್ದಕ್ಕೇ ಕೆಳಗಿನದು ಮೇಲೆ ಬಂತು ಅನ್ನುವ ವಿವರಣೆ ಈ ವೇಗಕ್ಕೆ ಸಾಲದು. ಸುತ್ತಲಿನದಕ್ಕಿಂತ ಹಗುರವಾದ ಕಲ್ಲು ನೀರಿನಲ್ಲಿ ಒತ್ತಿ ಹಿಡಿದ ಮರದ ತುಂಡಿನ ಹಾಗೆ ಪುಟಿದೆದ್ದಿರಬೇಕು.

ವಯಸ್ಸಿನ ಪಕ್ಕ ± ಅಂತ ಬರೆಯುತ್ತಾರಲ್ಲ, ಅದನ್ನು ಹೇಗೆ ಓದಬೇಕು?

ಅದು ಯಂತ್ರದ ಅಳತೆಯ ಸಡಿಲ, ಅಷ್ಟೇ. ತಪ್ಪು ಹರಳನ್ನು ಆರಿಸಿದ್ದರೆ ಅದನ್ನು ± ಹೇಳುವುದಿಲ್ಲ. ದೋರಾ ಮೈರಾದ ಆರ್ಗಾನ್ ವಯಸ್ಸುಗಳ ಪಕ್ಕದಲ್ಲೂ ± ಇತ್ತು.

ನಮ್ಮ ಕರ್ನಾಟಕದಲ್ಲಿ ಇಂಥ ಕಲ್ಲು ಇದೆಯಾ?

ಕೋಯಸೈಟ್ ಇರುವ ಎಕ್ಲೋಜೈಟ್, ನೀಲಿ ಶಿಸ್ಟ್ ಇಲ್ಲ. ನಮ್ಮ ನೆಲ ಬಹಳ ಹಳೆಯದು. ಸರಗೂರು ಶಿಲೆಗಳಲ್ಲಿ ಸುಮಾರು 358 ಕೋಟಿ ವರ್ಷದ ಜಿರ್ಕಾನ್ ಸಿಕ್ಕಿದೆ. ರಾಮನಗರದ ಬಂಡೆಗಳು ಸೇರಿರುವ ಕ್ಲೋಸ್‌ಪೇಟೆ ಗ್ರಾನೈಟ್ ಸುಮಾರು 252 ಕೋಟಿ. ಆಗ ಭೂಮಿಯ ಒಳಗೆ ಬಿಸಿ ಜಾಸ್ತಿ. ಫಲಕ ಕೆಳಗಿಳಿದಿದ್ದರೂ ತಣ್ಣಗೆ ಅಷ್ಟು ಆಳಕ್ಕೆ ಹೋಗುವ ಮೊದಲೇ ಬೆಚ್ಚಗಾಗಿಬಿಡುತ್ತಿತ್ತು.

ಆದರೂ ಹುಡುಕಾಟ ಇಲ್ಲೂ ಇದೆ. ಕೋಲಾರದ ಚಿನ್ನದ ಪಟ್ಟಿಯ ಎರಡು ಕಡೆಯ ನೈಸ್‌ಗಳ ಜಿರ್ಕಾನ್ ಮತ್ತು ಸೀಸವನ್ನು ಅಳೆದವರು, ಆ ಎರಡು ಕಡೆಯ ಚರಿತ್ರೆ ಬೇರೆ ಬೇರೆ ಅಂತ 1989ರಲ್ಲಿ ಬರೆದರು. ಎರಡು ಬೇರೆ ತುಂಡು ನೆಲ ಬಂದು ಕೂಡಿದ ಹೊಲಿಗೆ ಅದು ಅನ್ನುವುದು ಅವರ ವಾದ. ಎಲ್ಲರೂ ಒಪ್ಪಿಲ್ಲ. 250 ಕೋಟಿ ವರ್ಷ ಹಿಂದೆ ಸಬ್‌ಡಕ್ಷನ್ ಇವತ್ತಿನ ಹಾಗೆಯೇ ನಡೆಯುತ್ತಿತ್ತಾ ಅನ್ನುವುದೇ ಇನ್ನೂ ಚರ್ಚೆಯಲ್ಲಿದೆ.

ನಮ್ಮೂರಿನಲ್ಲಿ ಕೆಂಪು ಗಾರ್ನೆಟ್ ಇರುವ ಕಲ್ಲು ಸಿಕ್ಕಿದೆ. ವಯಸ್ಸು ಗೊತ್ತಾಗುತ್ತದಾ?

ಗಾರ್ನೆಟ್ ಇದ್ದ ಮಾತ್ರಕ್ಕೆ ಅದು ಸಬ್‌ಡಕ್ಷನ್ ಕಲ್ಲಲ್ಲ. ಹೊಳೆನರಸೀಪುರದ ಕಡೆಯ ಶಿಸ್ಟ್‌ಗಳಲ್ಲೂ ಗಾರ್ನೆಟ್ ಧಾರಾಳ. ಅದರ ಜೊತೆ ಏನಿದೆ ನೋಡಿ. ಹೊಳೆಯುವ ಅಭ್ರಕವೇ? ಉದ್ದನೆಯ ನೀಲಿ ಕಯನೈಟ್? ಹುಲ್ಲು ಹಸಿರಿನ ಆಂಫಸೈಟ್?

ಕಲ್ಲನ್ನು ಮನೆಗೆ ತರುವ ಮೊದಲು ಮೂರು ಕೆಲಸ ಮಾಡಿ. ಜಾಗದ ಗುರುತು ಮೊಬೈಲಿನಲ್ಲಿ ಉಳಿಸಿ. ಬಂಡೆ ಅಲ್ಲೇ ನೆಲದಲ್ಲಿ ಕೂತದ್ದೋ ಉರುಳಿ ಬಂದದ್ದೋ ಬರೆದಿಡಿ. ಪದರಗಳು ಯಾವ ದಿಕ್ಕಿಗೆ ವಾಲಿವೆ ಅಂತ ಒಂದು ಫೋಟೊ ತೆಗೆಯಿರಿ, ಪಕ್ಕದಲ್ಲಿ ಪೆನ್ನೋ ನಾಣ್ಯವೋ ಇರಲಿ. ಆಮೇಲೆ ಹತ್ತಿರದ ಕಾಲೇಜಿನ ಭೂವಿಜ್ಞಾನ ವಿಭಾಗಕ್ಕೆ ತೋರಿಸಿ. ಅವರು ಮೊದಲು ತೆಳುವಾಗಿ ಕೊಯ್ದು ಸೂಕ್ಷ್ಮದರ್ಶಕದಲ್ಲಿ ನೋಡುತ್ತಾರೆ. ವಯಸ್ಸಿನ ಮಾತು ಅದಾದ ಮೇಲೆ.